ನಿಷ್ಪ್ರಯೋಜನವಾದ ಆಯುಧ: ಅನರ್ಥದಂಡವಿರತಿಯ ಬೆಳಕಿನಲ್ಲಿ ಒಂದು ವಿಚಾರ

ಶ್ರಾವಕರ ಮನೆಗಳಲ್ಲಿ ವ್ರತಗಳನ್ನು ಕುರಿತ ಮಾತು ಬಹುಮಟ್ಟಿಗೆ ಅಡುಗೆಮನೆಯ ಸುತ್ತಲೇ ನಡೆಯುತ್ತದೆ. ಕಂದಮೂಲಗಳನ್ನು ಬಿಟ್ಟಾಯಿತೆ, ನೀರನ್ನು ಸೋಸಿದ್ದಾಯಿತೆ, ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಯಿತೆ, ಚತುರ್ದಶಿಯಂದು ಏಕಭುಕ್ತವೋ ಉಪವಾಸವೋ ಎಂಬಿವೇ ಪ್ರಶ್ನೆಗಳು. ಇವೆಲ್ಲ ಅಗತ್ಯವಾದ ಪ್ರಶ್ನೆಗಳೇ ಸರಿ. ಆದರೆ ಬಾಯಿಯೊಳಕ್ಕೆ ಹೋಗುವ ಪದಾರ್ಥದ ವಿಷಯದಲ್ಲಿ ಇಷ್ಟೊಂದು ಎಚ್ಚರ ವಹಿಸುವ ಗೃಹಸ್ಥನು, ಕಪಾಟಿನೊಳಕ್ಕೆ ಹೋಗುವ ಪದಾರ್ಥದ ವಿಷಯದಲ್ಲಿಯೂ ಅಷ್ಟೇ ಎಚ್ಚರ ವಹಿಸುವನೇ ಎಂಬುದು ವಿಚಾರಣೀಯವಾಗಿದೆ. ಮನೆಯಲ್ಲಿ ಸುಮ್ಮನೆ ಇರುವ, ಯಾರಿಗೂ ಯಾವ ಕೆಡಕನ್ನೂ ಮಾಡದ ವಸ್ತುವೊಂದು ವ್ರತಕ್ಕೆ ಕುಂದು ತಂದೀತೆ?

ದೃಷ್ಟಾಂತಕ್ಕಾಗಿ ಒಬ್ಬ ಶ್ರಾವಕನನ್ನು ಕಲ್ಪಿಸಿಕೊಳ್ಳಬಹುದು. ಅವನು ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ನೆಲೆಸಿದ್ದಾನೆ. ೧೯೮೮ರಲ್ಲಿ ಪ್ರತಿಷ್ಠೆಗೊಂಡ ಅಲ್ಲಿಯ ಜೈನ ಮಂದಿರಕ್ಕೆ ಪರ್ವದಿನಗಳಲ್ಲಿ ತಪ್ಪದೆ ಹೋಗುತ್ತಾನೆ. ಪಂಚಾಣುವ್ರತಗಳನ್ನು ಶಕ್ತ್ಯನುಸಾರ ಪಾಲಿಸುತ್ತಾನೆ. ಅವನ ನೆರೆಮನೆಯಲ್ಲಿ ಒಬ್ಬ ಆಂಗ್ಲ ವೃದ್ಧರಿದ್ದಾರೆ. ಮಡದಿ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ. ಸಾತ್ತ್ವಿಕ ಸ್ವಭಾವದವರು. ಅವರಿಗಿರುವ ಒಂದೇ ಹವ್ಯಾಸವೆಂದರೆ ಹಳೆಯ ಕಾಲದ ಅರೆ-ಸ್ವಯಂಚಾಲಿತ ಪಿಸ್ತೂಲುಗಳ ಸಂಗ್ರಹ. ಅವರು ಬೇಟೆಯಾಡಿದವರಲ್ಲ. ತಿಂಗಳಿಗೊಮ್ಮೆ ಗುರಿ ಅಭ್ಯಾಸದ ಮೈದಾನಕ್ಕೆ ಹೋಗಿ, ಕಾಗದದ ಗುರಿಹಲಗೆಯ ಮೇಲೆ ಹತ್ತಾರು ಗುಂಡು ಹಾರಿಸಿ ಬರುತ್ತಾರೆ. ಒಂದು ದಿನ ಅವರು ಶ್ರಾವಕನಿಗೆ ಹೇಳುತ್ತಾರೆ: "ಒಮ್ಮೆ ನನ್ನ ಜೊತೆ ಬಂದು ನೋಡಿ. ನನ್ನ ಕಾಲದ ನಂತರ ಇವುಗಳನ್ನು ನೀವೇ ಇಟ್ಟುಕೊಳ್ಳಬೇಕು. ನಿಮ್ಮಷ್ಟು ಜೋಪಾನವಾಗಿ ನೋಡಿಕೊಳ್ಳುವವರು ನನಗೆ ಬೇರೆ ಯಾರೂ ಇಲ್ಲ." ಪ್ರೀತಿಯಿಂದ ಬಂದ ಮಾತು. ಶ್ರಾವಕನು ಏನು ಉತ್ತರ ಕೊಡಬೇಕು? ಕೊಲ್ಲುವುದಿಲ್ಲವಾದ್ದರಿಂದ ವ್ರತಕ್ಕೆ ಬಾಧೆಯಿಲ್ಲವೆಂದು ಒಪ್ಪಬಹುದೆ? ಆಯುಧವೆಂಬ ಹೆಸರು ಕೇಳಿದೊಡನೆಯೇ ಮುಖ ತಿರುಗಿಸಬೇಕೆ?

ಉತ್ತರಕ್ಕೆ ಮೊದಲು ಆ ವಸ್ತು ಎಂಥದೆಂಬುದನ್ನು ಅರಿಯುವುದು ನ್ಯಾಯ. ತಿಳಿಯದೆ ಬಿಡುವುದು ತ್ಯಾಗವಲ್ಲ.

ರಿವಾಲ್ವರಿನಲ್ಲಿ ಗುಂಡುಗಳನ್ನು ತುಂಬಿದ ಉರುಳೆಯನ್ನು ಬೆರಳಿನ ಬಲವೇ ತಿರುಗಿಸಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಯುರೋಪಿನ ಶಿಲ್ಪಿಗಳು ಈ ಶ್ರಮವನ್ನು ಆಯುಧಕ್ಕೇ ವಹಿಸಿಕೊಡುವ ಉಪಾಯವನ್ನು ಕಂಡುಕೊಂಡರು. ಗುಂಡನ್ನು ಮುಂದಕ್ಕೆ ತಳ್ಳುವ ಮದ್ದಿನ ಶಕ್ತಿಯೇ ಹಿಂದಕ್ಕೂ ಒದೆಯುತ್ತದೆಯಷ್ಟೆ. ಆ ಹಿಂದೊದೆತವು ಬರಿದಾದ ತೋಟಾವನ್ನು ಹೊರಕ್ಕೆ ಎಸೆದು, ಸ್ಪ್ರಿಂಗನ್ನು ಬಿಗಿದು, ಮುಂದಿನ ತೋಟಾವನ್ನು ನಳಿಗೆಯ ಹಿಂಬದಿಗೆ ತಂದು ಕೂರಿಸುತ್ತದೆ. ಟ್ರಿಗರನ್ನು ಒಮ್ಮೆ ಒತ್ತಿದರೆ ಒಂದೇ ಗುಂಡು ಹೊರಡುವುದಾದರೂ, ಎರಡನೆಯದು ಆಗಲೇ ಸಿದ್ಧವಾಗಿ ನಿಂತಿರುತ್ತದೆ. ಆದುದರಿಂದಲೇ ಇದಕ್ಕೆ ಅರೆ-ಸ್ವಯಂಚಾಲಿತವೆಂದು ಹೆಸರು.

ಹ್ಯೂಗೋ ಬೋರ್ಖಾರ್ಟ್ ಎಂಬಾತನು ೧೮೯೩ರಲ್ಲಿ ರೂಪಿಸಿ, ಬರ್ಲಿನ್ನಿನ ಲುಡ್ವಿಗ್ ಲೋವೆ ಕಾರ್ಖಾನೆಯಲ್ಲಿ ತಯಾರಾದ ಪಿಸ್ತೂಲು, ಮಾರುಕಟ್ಟೆಯಲ್ಲಿ ನೆಲೆಗೊಂಡ ಮೊದಲ ಅರೆ-ಸ್ವಯಂಚಾಲಿತ ಪಿಸ್ತೂಲುಗಳಲ್ಲಿ ಒಂದು. ಅದರ ಬೀಗವು ಮನುಷ್ಯನ ಮೊಣಕಾಲಿನಂತೆ ಮಡಿಚಿ ಚಾಚುತ್ತದೆ. ಅಂಥವು ಸುಮಾರು ೩೦೦೦ ಮಾತ್ರ ತಯಾರಾದುವು. ೧೮೯೬ರಲ್ಲಿ ಓಬರ್ನ್‌ಡಾರ್ಫಿನ ಮೌಸರ್ ಕಾರ್ಖಾನೆಯಿಂದ, ಫೀಡರ್ಲೆ ಸೋದರರು ರೂಪಿಸಿದ ಮೌಸರ್ ಪಿಸ್ತೂಲು ಹೊರಬಂತು. ಅದರ ಹಿಡಿ ಪೊರಕೆಯ ಹಿಡಿಯಂತೆ ದುಂಡು. ಅದನ್ನಿಡುವ ಮರದ ಒರೆಯನ್ನೇ ಹಿಂಬದಿಗೆ ಜೋಡಿಸಿ ಬಂದೂಕಿನಂತೆ ಹೆಗಲಿಗೆ ಕೊಡಬಹುದು. ಹಿಡಿಯ ಹಲಗೆಗಳನ್ನು ಬಿಗಿಯುವ ಒಂದು ತಿರುಪಿನ ಹೊರತು ಅದರ ಯಂತ್ರಭಾಗದಲ್ಲಿ ತಿರುಪೇ ಇಲ್ಲ. ಬಿಡಿಭಾಗಗಳು ಒಂದರೊಳಗೊಂದು ಕೂಡಿ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ೧೯೩೭ರವರೆಗೆ ಸುಮಾರು ಹತ್ತು ಲಕ್ಷ ತಯಾರಾದುವು. ಬೋರ್ಖಾರ್ಟನ ಮೊಣಕಾಲು ಬೀಗವನ್ನೇ ತಿದ್ದಿ ಗೇಯೋರ್ಗ್ ಲೂಗರ್ ರಚಿಸಿದ ಪಿಸ್ತೂಲನ್ನು ೧೯೦೦ರಲ್ಲಿ ಸ್ವಿಟ್ಜರ್ಲೆಂಡಿನ ಸೈನ್ಯವೂ ೧೯೦೮ರಲ್ಲಿ ಜರ್ಮನಿಯ ಸೈನ್ಯವೂ ಅಂಗೀಕರಿಸಿದುವು. ಅದಕ್ಕೆ ಇನ್ನೊಂದು ಹೆಸರು ಪ್ಯಾರಾಬೆಲ್ಲಂ. ಶಾಂತಿ ಬೇಕಾದರೆ ಯುದ್ಧಕ್ಕೆ ಸಿದ್ಧನಾಗು ಎಂಬ ಅರ್ಥದ ಲ್ಯಾಟಿನ್ ನಾಣ್ಣುಡಿಯಿಂದ ಬಂದ ಹೆಸರು ಅದು. ಅಮೆರಿಕದ ಜಾನ್ ಮೋಸಸ್ ಬ್ರೌನಿಂಗ್ ರೂಪಿಸಿದ ಪಿಸ್ತೂಲುಗಳು ಬೆಲ್ಜಿಯಂ ದೇಶದಲ್ಲಿಯೂ ಅಮೆರಿಕದಲ್ಲಿಯೂ ತಯಾರಾದುವು. ೧೯೧೧ರಲ್ಲಿ ಅಮೆರಿಕದ ಸೈನ್ಯ ಅಂಗೀಕರಿಸಿದ ಅವನ ಪಿಸ್ತೂಲು ೧೯೮೫ರವರೆಗೆ ಅಲ್ಲಿಯ ಅಧಿಕೃತ ಪಿಸ್ತೂಲಾಗಿತ್ತು.

ಇವನ್ನು ಕಂಡು ಬೆರಗಾಗುವವನು ದುಷ್ಟನೆಂದು ಹೇಳಲಾಗದು. ಗಡಿಯಾರವನ್ನು ಬಿಚ್ಚಿ ನೋಡುವವನ ಕುತೂಹಲವೇ ಇಲ್ಲಿಯೂ ಇದೆ. ಅಕ್ಕಸಾಲಿಗನ ಕೆಲಸಕ್ಕೆ ಸಮನಾದ ಕೈಕೆಲಸವಿದೆ. ಗುರಿಯಿಡುವವನು ಉಸಿರನ್ನು ನಿಧಾನಗೊಳಿಸಬೇಕು, ದೃಷ್ಟಿಯನ್ನು ನಿಲ್ಲಿಸಬೇಕು, ಕೈಯ ನಡುಕವನ್ನು ಗೆಲ್ಲಬೇಕು. ಸಂಗ್ರಾಹಕನು ತನ್ನ ಪರವಾಗಿ ಹೇಳಿಕೊಳ್ಳಬಹುದಾದ ಮಾತುಗಳು ಇವು: ವಸ್ತು ಹಳೆಯದು, ಅದರಿಂದ ಇಂದು ಯಾರಿಗೂ ಭಯವಿಲ್ಲ, ತಾನು ಹೊಡೆಯುವುದು ಕಾಗದವನ್ನು, ಇತಿಹಾಸದ ಕುರುಹೊಂದನ್ನು ಉಳಿಸುತ್ತಿದ್ದೇನೆ, ಕಾನೂನಿನ ಅಪ್ಪಣೆ ಇದೆ.

ಕಾನೂನಿನ ಮಾತು ಬಂದುದರಿಂದ ಇಂಗ್ಲೆಂಡಿನ ಕಾನೂನನ್ನೇ ನೋಡಬಹುದು. ೧೯೯೬ರ ಮಾರ್ಚ್ ೧೩ರಂದು ಸ್ಕಾಟ್ಲೆಂಡಿನ ಡನ್‌ಬ್ಲೇನ್ ಎಂಬ ಊರಿನ ಶಾಲೆಯಲ್ಲಿ ಒಬ್ಬ ಮನುಷ್ಯನು ೧೬ ಮಂದಿ ಎಳೆಯ ಮಕ್ಕಳನ್ನೂ ಅವರ ಉಪಾಧ್ಯಾಯಿನಿಯನ್ನೂ ಗುಂಡಿಟ್ಟು ಕೊಂದನು. ಅವನ ಕೈಯಲ್ಲಿದ್ದ ಕೈಬಂದೂಕುಗಳೆಲ್ಲ ಪರವಾನಗಿ ಪಡೆದವುಗಳೇ ಆಗಿದ್ದುವು. ಆ ದುಃಖದಿಂದ ಹುಟ್ಟಿದ ೧೯೯೭ರ ಎರಡು ಶಾಸನಗಳು ಗ್ರೇಟ್ ಬ್ರಿಟನ್ನಿನಲ್ಲಿ ಕೈಬಂದೂಕುಗಳ ಖಾಸಗಿ ಒಡೆತನವನ್ನು ಬಹುತೇಕ ನಿಲ್ಲಿಸಿದುವು. ಆದರೆ ಐತಿಹಾಸಿಕ ಪಿಸ್ತೂಲುಗಳಿಗೆ ಏಳನೆಯ ವಿಧಿಯಲ್ಲಿ ಎರಡು ಬಗೆಯ ವಿನಾಯಿತಿಯನ್ನು ಕೊಟ್ಟವು. ೧೯೧೯ಕ್ಕೆ ಮೊದಲು ತಯಾರಾದ ಕೆಲವು ಬಗೆಯ ಪಿಸ್ತೂಲುಗಳನ್ನು ಸಂಗ್ರಹದ ಭಾಗವಾಗಿ, ಗುಂಡುಗಳಿಲ್ಲದೆ, ಮನೆಯಲ್ಲಿ ಇಟ್ಟುಕೊಳ್ಳಬಹುದು. ಅಪೂರ್ವತೆ, ಸೌಂದರ್ಯ, ಯಂತ್ರವಿಶೇಷ ಇಲ್ಲವೆ ಚಾರಿತ್ರಿಕ ಮಹತ್ತ್ವವುಳ್ಳ ಇನ್ನು ಕೆಲವನ್ನು ಹಾರಿಸಲೂಬಹುದು. ಆದರೆ ಅವು ಮನೆಯಲ್ಲಿರಕೂಡದು, ಸರ್ಕಾರ ಗೊತ್ತುಮಾಡಿದ ಸ್ಥಳದಲ್ಲೇ ಬೀಗಮುದ್ರೆಯಲ್ಲಿರಬೇಕು. ಸರ್ರೆ ಪ್ರಾಂತ್ಯದ ಬಿಸ್ಲಿ ಮೈದಾನ ಅಂಥ ಒಂದು ಸ್ಥಳ. ಇಟ್ಟುಕೊಳ್ಳುವುದು ಬೇರೆ, ಪ್ರಯೋಗಿಸುವುದು ಬೇರೆ, ಎರಡೂ ಒಂದೇ ಮನೆಯಲ್ಲಿ ಕೂಡಿದರೆ ಅಪಾಯ ಎಂಬ ವಿವೇಕ ಈ ವಿಭಾಗದಲ್ಲಿದೆ. ಆದರೂ ಕಾನೂನು ಕೇಳುವುದು ಇತರರಿಗೆ ಅಪಾಯವುಂಟೆ ಎಂಬುದೊಂದನ್ನೇ. ವ್ರತವು ಅದರ ಜೊತೆಗೆ ಇಟ್ಟುಕೊಂಡವನ ಆತ್ಮಕ್ಕೆ ಏನಾಗುತ್ತದೆಂಬುದನ್ನೂ ಕೇಳುತ್ತದೆ.

ಆಯುಧವನ್ನು ಮುಟ್ಟಿದ ಮಾತ್ರಕ್ಕೆ ಶ್ರಾವಕತ್ವ ಕೆಡುತ್ತದೆಂಬುದು ಜಿನಾಗಮದ ಅಭಿಪ್ರಾಯವಲ್ಲ. ಶ್ರವಣಬೆಳಗೊಳದಲ್ಲಿ ೯೮೧ರ ಸುಮಾರಿಗೆ ಗೊಮ್ಮಟೇಶ್ವರ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನು ಗಂಗರಸರ ದಂಡನಾಯಕ. ರಣರಂಗದ ಬಿರುದುಗಳನ್ನು ಹೊತ್ತವನು. ಅದೇ ಚಾವುಂಡರಾಯನು ಗೃಹಸ್ಥರ ಮತ್ತು ಮುನಿಗಳ ಆಚಾರವನ್ನು ನಿರೂಪಿಸುವ ಚಾರಿತ್ರಸಾರವನ್ನು ರಚಿಸಿದನು. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವುದು ರೂಢಿ. ಬೇಕೆಂದೇ ಸಂಕಲ್ಪಿಸಿ ಮಾಡುವ ಮೊದಲನೆಯದನ್ನು ಅಣುವ್ರತಿಯು ಸಂಪೂರ್ಣವಾಗಿ ತ್ಯಜಿಸಬೇಕು. ಅಡುಗೆ, ಬೇಸಾಯ, ವ್ಯಾಪಾರಗಳಲ್ಲಿ ಆಗುವುದನ್ನೂ, ನಾಡನ್ನೂ ಆಶ್ರಿತರನ್ನೂ ಕಾಯುವಲ್ಲಿ ಆಗುವುದನ್ನೂ ಗೃಹಸ್ಥನು ಸಂಪೂರ್ಣವಾಗಿ ಬಿಡಲಾರನೆಂದು ತಿಳಿದೇ ಈ ವಿಭಾಗ ನಡೆದಿದೆ. ಚಾವುಂಡರಾಯನ ಖಡ್ಗಕ್ಕೆ ಒಂದು ಹೊಣೆಯಿತ್ತು. ಆ ಹೊಣೆ ತೀರಿದಾಗ ಅದು ಒರೆಯನ್ನು ಸೇರಬಹುದಾಗಿತ್ತು.

ಸಂಗ್ರಾಹಕನ ಪಿಸ್ತೂಲಿಗೆ ಅಂಥ ಹೊಣೆ ಯಾವುದೂ ಇಲ್ಲ. ಅದು ಯಾರನ್ನೂ ಕಾಯುವುದಿಲ್ಲ. ಅದರಿಂದ ಯಾರ ಜೀವನವೂ ನಡೆಯುವುದಿಲ್ಲ. ಸಂಗ್ರಾಹಕನು ಇದನ್ನೇ ತನ್ನ ನಿರ್ದೋಷತೆಗೆ ಸಾಕ್ಷಿಯಾಗಿ ಮುಂದಿಡುತ್ತಾನೆ. ಪ್ರಯೋಜನವಿಲ್ಲದ್ದು, ಆದುದರಿಂದ ಪಾಪವೂ ಇಲ್ಲವೆಂಬುದು ಅವನ ತರ್ಕ. ಆಚಾರ್ಯರ ದಾರಿ ಇದಕ್ಕೆ ನೇರವಾಗಿ ಎದುರಾದುದು. ಮೂರು ಗುಣವ್ರತಗಳಲ್ಲಿ ಒಂದಾದ ಅನರ್ಥದಂಡವಿರತಿಯ ಹೆಸರಿನಲ್ಲಿಯೇ ಉತ್ತರವಿದೆ. ಅರ್ಥವೆಂದರೆ ಪ್ರಯೋಜನ, ಪ್ರಯೋಜನವಿಲ್ಲದೆ ಮನೋವಚನಕಾಯಗಳನ್ನು ಪಾಪದ ಕಡೆಗೆ ಹರಿಯಬಿಡುವುದೇ ಅನರ್ಥದಂಡ. ಹೊಟ್ಟೆಯ ಪಾಡಿಗಾಗಿ, ಆಶ್ರಿತರ ರಕ್ಷಣೆಗಾಗಿ ಆಗುವ ದೋಷಕ್ಕೆ ಗೃಹಸ್ಥನು ಕಾರಣವನ್ನಾದರೂ ಹೇಳಬಲ್ಲನು. ಕಾರಣವೇ ಇಲ್ಲದೆ ತಂದುಕೊಂಡ ದೋಷಕ್ಕೆ ಏನು ಹೇಳಬಲ್ಲನು? ನಿಷ್ಪ್ರಯೋಜಕತೆಯು ಇಲ್ಲಿ ವಿನಾಯಿತಿಯಾಗುವುದಿಲ್ಲ, ವಿಚಾರಣೆಗೆ ಕಾರಣವಾಗುತ್ತದೆ. ಈ ಒಂದು ಅಂಶವನ್ನು ಮನಗಂಡರೆ ಮಿಕ್ಕದ್ದೆಲ್ಲ ತಾನಾಗಿಯೇ ತಿಳಿಯಾಗುತ್ತದೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಐದು ಬಗೆಯಾಗಿ ನಿರೂಪಿಸಿದ್ದಾರೆ. ಹಳೆಯ ಪಿಸ್ತೂಲುಗಳ ಸಂಗ್ರಹಕ್ಕೆ ಇವುಗಳಲ್ಲಿ ನಾಲ್ಕು ನೇರವಾಗಿ ತಗಲುತ್ತವೆ. ಕತ್ತಿ, ಕೊಡಲಿ, ವಿಷ, ಬೆಂಕಿ ಮೊದಲಾದ ಹಿಂಸೋಪಕರಣಗಳನ್ನು ಇನ್ನೊಬ್ಬರಿಗೆ ಒದಗಿಸುವುದು ಹಿಂಸಾದಾನ. ಸಂಗ್ರಾಹಕರ ಲೋಕ ನಡೆಯುವುದೇ ಕೊಡುಕೊಳ್ಳುವಿಕೆಯಿಂದ. ಕೈಬದಲಾದ ಆಯುಧ ಮುಂದೆ ಯಾರ ಕೈಯಲ್ಲಿ ಏನು ಮಾಡೀತೆಂಬುದನ್ನು ಕೊಟ್ಟವನು ಬಲ್ಲನೆ? ಭೂಮಿ, ನೀರು, ಬೆಂಕಿ, ಗಾಳಿಗಳನ್ನು ನಿಷ್ಕಾರಣವಾಗಿ ಕದಡುವುದು ಪ್ರಮಾದಚರ್ಯೆ. ಹಾರಿಸಿದ ಪ್ರತಿಯೊಂದು ಗುಂಡೂ ಮದ್ದಿನ ಉರಿಯನ್ನೆಬ್ಬಿಸಿ, ಗಾಳಿಯನ್ನು ಸೀಳಿ, ಕಾಗದದ ಹಿಂದಿನ ಮಣ್ಣಿನ ದಿಬ್ಬದಲ್ಲಿ ಹುಗಿದುಕೊಳ್ಳುತ್ತದೆ. ಸೀಸದ ವಿಷವನ್ನೂ ಆ ಮಣ್ಣಿಗೆ ಸೇರಿಸುತ್ತದೆ. ಏಕೇಂದ್ರಿಯ ಜೀವಗಳನ್ನು ಎಣಿಕೆಗೆ ತರುವ ಧರ್ಮದಲ್ಲಿ ಕಾಗದವನ್ನು ಮಾತ್ರ ಹೊಡೆದೆನೆಂಬ ಮಾತು ಪೂರ್ಣಸತ್ಯವಲ್ಲ. ಅಪಧ್ಯಾನ, ದುಃಶ್ರುತಿಗಳ ವಿಷಯವು ಇನ್ನೂ ಸೂಕ್ಷ್ಮವಾದುದು. ಅದನ್ನು ಬೇರೆಯಾಗಿಯೇ ನೋಡಬೇಕು.

ಕಾಗದವನ್ನು ಹೊಡೆಯುವುದು ಹಿಂಸೆಯೆ? ಈ ಪ್ರಶ್ನೆಯನ್ನು ಕೇಳಿದೊಡನೆ ಕನ್ನಡ ಜೈನರ ಮನಸ್ಸಿಗೆ ಯಶೋಧರನ ಕಥೆ ಬಾರದೆ ಇರದು. ಜನ್ನಕವಿಯು ೧೨೦೯ರಲ್ಲಿ ಯಶೋಧರ ಚರಿತೆಯನ್ನು ಬರೆದಂದಿನಿಂದ ಈ ನಾಡಿನ ಮನೆಮನೆಯಲ್ಲಿ ಆ ಕಥೆ ಬಾಳಿದೆ. ತಾಯಿ ಚಂದ್ರಮತಿಯು ದೇವಿಗೆ ಪ್ರಾಣಿಬಲಿಯನ್ನು ಕೊಡೆಂದು ಒತ್ತಾಯಿಸುತ್ತಾಳೆ. ಯಶೋಧರನು ಜೀವವಧೆಗೆ ಒಪ್ಪುವುದಿಲ್ಲ. ಕೊನೆಗೆ ಇಬ್ಬರೂ ಒಂದು ನಡುದಾರಿಗೆ ಬಂದು ಹಿಟ್ಟಿನಿಂದ ಕೋಳಿಯ ಆಕೃತಿಯನ್ನು ಮಾಡಿಸುತ್ತಾರೆ. ಅದನ್ನು ಕಡಿದಾಗ ಅದು ಕೂಗುತ್ತದೆ. ತಾಯಿಮಕ್ಕಳು ನವಿಲು, ನಾಯಿ ಮೊದಲಾದ ಜನ್ಮಜನ್ಮಗಳಲ್ಲಿ ತೊಳಲಿ ಕಡೆಗೆ ಕೋಳಿಗಳಾಗಿ ಹುಟ್ಟುತ್ತಾರೆ. ಹಿಟ್ಟಿನಲ್ಲಿ ಪ್ರಾಣವಿರಲಿಲ್ಲ, ಆದರೆ ಕಡಿದ ಕೈಯ ಹಿಂದೆ ಕೊಲ್ಲುವ ಸಂಕಲ್ಪವಿತ್ತು. ಫಲವನ್ನು ತಂದದ್ದು ಆ ಸಂಕಲ್ಪ.

ಈ ಕಥೆಯನ್ನು ಆಧರಿಸಿ ಗುರಿಹಲಗೆಯನ್ನು ಹೊಡೆಯುವವರೆಲ್ಲರೂ ಕೊಲೆಗಾರರೆಂದು ತೀರ್ಪು ಕೊಡುವುದು ಅವಿಚಾರವಾದೀತು. ವರ್ತುಲಗಳನ್ನು ಬರೆದ ಕಾಗದದ ನಡುವಿನ ಕಪ್ಪುಚುಕ್ಕೆಗೆ ಗುರಿಯಿಡುವವನ ಮನಸ್ಸಿನಲ್ಲಿ ಯಾವ ಪ್ರಾಣಿಯೂ ಇಲ್ಲದಿರಬಹುದು. ತನ್ನ ಕೈ ಸ್ಥಿರವಾಗಿದೆಯೇ ಎಂಬ ಪರೀಕ್ಷೆಯೊಂದೇ ಇರಬಹುದು. ಅಲ್ಲಿ ಯಶೋಧರನ ಸಂಕಲ್ಪವಿಲ್ಲ. ಆದರೆ ಗುರಿಹಲಗೆಗಳಲ್ಲಿ ಮನುಷ್ಯನ ತಲೆ, ಹೆಗಲು, ಎದೆಗಳ ಆಕೃತಿಯನ್ನು ಬರೆದವೂ ಉಂಟು. ಅದರ ಎದೆಗೆ ಗುರಿಯಿಟ್ಟು, ತಗುಲಿದುದಕ್ಕೆ ಹಿಗ್ಗುವವನು ಹಿಟ್ಟಿನ ಕೋಳಿಗೆ ಎಷ್ಟು ದೂರದಲ್ಲಿದ್ದಾನೆ? ರಾಗಾದಿಗಳು ಹುಟ್ಟುವುದೇ ಹಿಂಸೆ, ಹುಟ್ಟದಿರುವುದೇ ಅಹಿಂಸೆ ಎಂಬುದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಪ್ರತಿಪಾದಿಸಿದ ತತ್ತ್ವ. ಹೊರಗಿನ ಕಾಗದ ಎರಡು ಸಂದರ್ಭಗಳಲ್ಲಿಯೂ ಕಾಗದವೇ; ಒಳಗಿನ ಪರಿಣಾಮ ಒಂದೇ ಅಲ್ಲ. ಅಲ್ಲದೆ, ಮೌಸರನ್ನಾಗಲಿ ಲೂಗರನ್ನಾಗಲಿ ರೂಪಿಸಿದ್ದು ಮನುಷ್ಯನ ದೇಹವನ್ನು ಲಕ್ಷ್ಯವಾಗಿಟ್ಟುಕೊಂಡೇ. ಅದರ ಹಿಡಿಯ ಓರೆ, ಗುಂಡಿನ ತೂಕ, ಮದ್ದಿನ ಅಳತೆ ಎಲ್ಲವೂ ಆ ಉದ್ದೇಶದ ಫಲ. ಅದನ್ನು ಕೈಯಲ್ಲಿ ಹಿಡಿದು ಆ ಉದ್ದೇಶವನ್ನು ಮಾತ್ರ ಮನಸ್ಸಿನಿಂದ ಹೊರಗಿಡುವುದು ಅಸಾಧ್ಯವಲ್ಲವಾದರೂ ಬಹಳ ಎಚ್ಚರವನ್ನು ಬೇಡುವ ಕೆಲಸ. ಆ ಎಚ್ಚರವನ್ನು ಬೇರೆ ಒಳ್ಳೆಯ ಕಾರ್ಯದಲ್ಲಿ ವಿನಿಯೋಗಿಸಬಾರದೇಕೆ?

ಇನ್ನು ಅನುಮೋದನೆಯ ಪ್ರಶ್ನೆ. ಕೃತ, ಕಾರಿತ, ಅನುಮೋದನೆಗಳೆಂಬ ಮೂರು ದ್ವಾರಗಳಿಂದಲೂ ಕರ್ಮ ಒಳಬರುತ್ತದೆ. ತಾನು ಕೊಲ್ಲದೆ, ಕೊಲ್ಲಿಸದೆ, ಇನ್ನೊಬ್ಬರು ಕೊಂದದ್ದನ್ನು ಮನಸ್ಸಿನಲ್ಲಿ ಮೆಚ್ಚಿದರೂ ಪಾಲು ತಪ್ಪದು. ಹಳೆಯ ಪಿಸ್ತೂಲುಗಳ ಬೆಲೆಯನ್ನು ಬರಿಯ ಉಕ್ಕು ನಿರ್ಣಯಿಸುವುದಿಲ್ಲ. ಅವುಗಳ ಕಥೆಯೂ ನಿರ್ಣಯಿಸುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಶತ್ರುಗಳಿಂದ ವಶಪಡಿಸಿಕೊಂಡು ಮನೆಗೆ ತಂದ ಪಿಸ್ತೂಲುಗಳಿಗೆ, ವಶಪಡಿಸಿಕೊಂಡದ್ದಕ್ಕೆ ಸೈನ್ಯವಿತ್ತ ಚೀಟಿ ಜೊತೆಗಿದ್ದರೆ ಬೆಲೆ ಹೆಚ್ಚು. ಕಥೆ ಯುದ್ಧಭೂಮಿಗೆ ಹತ್ತಿರವಾದಷ್ಟೂ ಬೆಲೆ ಏರುತ್ತದೆ. ಆ ಬೆಲೆಯನ್ನು ತೆರುವವನು, ತಾನರಿಯದೆಯೇ, ಸತ್ತವನೊಬ್ಬನ ಸಾವಿನಿಂದ ತನ್ನ ವಸ್ತುವಿಗೆ ಕಳೆಯೇರಿತೆಂದು ಸಂತೋಷಪಡುವವನಾಗುತ್ತಾನೆ. ಇಂಥ ಕಥೆಗಳನ್ನು ಮತ್ತೆ ಮತ್ತೆ ಕೇಳುವುದೇ ದುಃಶ್ರುತಿ. ಅವುಗಳನ್ನು ಮನಸ್ಸಿನಲ್ಲಿ ಮೆಲುಕು ಹಾಕುವುದೇ ಅಪಧ್ಯಾನ.

ಮೌಸರ್ ಪಿಸ್ತೂಲಿನ ಕಥೆಯನ್ನೇ ತೆಗೆದುಕೊಳ್ಳಬಹುದು. ೧೮೯೬ರಲ್ಲಿ ತರುಣ ಸೇನಾಧಿಕಾರಿ ವಿನ್‌ಸ್ಟನ್ ಚರ್ಚಿಲ್ ಬೆಂಗಳೂರಿನ ದಂಡಿಗೆ ಬರುವಾಗ ಮುಂಬಯಿಯ ಹಡಗುಕಟ್ಟೆಯಲ್ಲಿ ಅವನ ಹೆಗಲ ಕೀಲು ತಪ್ಪಿತು. ಆ ನೋವಿನಿಂದಾಗಿ ಕತ್ತಿ ಬೀಸಲು ಹಿಂಜರಿದು, ೧೮೯೮ರ ಸೆಪ್ಟೆಂಬರ್ ೨ರಂದು ಸೂಡಾನಿನ ಓಮ್ಡರ್ಮನ್ ಕಾಳಗದಲ್ಲಿ ಅವನು ಮೌಸರನ್ನು ಹಿಡಿದು ಮನುಷ್ಯರ ಮೇಲೆ ಹಾರಿಸಿದನು. ೧೯೧೪ರ ಆಗಸ್ಟ್ ೨೬ರಂದು ಕಲಕತ್ತೆಯಲ್ಲಿ ರೋಡಾ ಕಂಪೆನಿಗೆ ಬಂದ ಸರಕಿನಿಂದ ೫೦ ಮೌಸರ್ ಪಿಸ್ತೂಲುಗಳನ್ನೂ ೪೬,೦೦೦ ಗುಂಡುಗಳನ್ನೂ ಬಂಗಾಳದ ಕ್ರಾಂತಿಕಾರಿಗಳು ಅಪಹರಿಸಿದರು. ಸಾಮ್ರಾಜ್ಯದ ಕೈಗೂ ಸಾಮ್ರಾಜ್ಯದ ವೈರಿಯ ಕೈಗೂ ಅದೇ ಪಿಸ್ತೂಲು ಒಗ್ಗಿತು. ಅದಕ್ಕೆ ಪಕ್ಷವಿಲ್ಲ, ವಿವೇಕವಿಲ್ಲ. ಅವೆಲ್ಲ ಹಿಡಿದವನಿಗೆ ಸೇರಿದುವು. ಹೊಣೆಯೂ ಅವನದೇ.

ಶಂಕೆ: ಹಾಗಾದರೆ ಇಂಥ ವಸ್ತುಗಳನ್ನು ಉಳಿಸುವುದೇ ತಪ್ಪೆ? ವಸ್ತುಸಂಗ್ರಹಾಲಯಗಳೆಲ್ಲ ಪಾಪದ ಮನೆಗಳೆ?

ಸಮಾಧಾನ: ಅಲ್ಲ. ಉಳಿಸುವ ಭಾವವನ್ನು ನೋಡಬೇಕು. ೧೯೧೪ರ ಜೂನ್ ೨೮ರಂದು ಸರಾಯೆವೊ ನಗರದಲ್ಲಿ ಗಾವ್ರಿಲೋ ಪ್ರಿನ್ಸಿಪ್ ಆಸ್ಟ್ರಿಯದ ಯುವರಾಜ ದಂಪತಿಗಳನ್ನು ಕೊಂದದ್ದು ಬ್ರೌನಿಂಗ್ ರೂಪಿಸಿದ ೧೯೧೦ರ ಮಾದರಿಯ ಪುಟ್ಟ ಪಿಸ್ತೂಲಿನಿಂದ. ಅದು ದಶಕಗಳ ಕಾಲ ಕ್ರೈಸ್ತ ಸಾಧುಗಳ ಸಂಘವೊಂದರ ವಶದಲ್ಲಿದ್ದು, ೨೦೦೪ರಲ್ಲಿ ವಿಯೆನ್ನಾದ ಸೈನಿಕ ಇತಿಹಾಸ ಸಂಗ್ರಹಾಲಯಕ್ಕೆ ಬಂತು. ಅಲ್ಲಿ ಯುವರಾಜ ದಂಪತಿಗಳು ಕುಳಿತಿದ್ದ ಮೋಟಾರು ಗಾಡಿಯೂ, ಯುವರಾಜನ ರಕ್ತದ ಕಲೆಯ ಅಂಗಿಯೂ ಇವೆ. ಪಿಸ್ತೂಲನ್ನು ನೋಡಿದವನು ಅಂಗಿಯನ್ನೂ ನೋಡಲೇಬೇಕು. ದೆಹಲಿಯ ರಾಷ್ಟ್ರೀಯ ಗಾಂಧಿ ಸಂಗ್ರಹಾಲಯದಲ್ಲಿಯೂ ಹಾಗೆಯೇ. ೧೯೪೮ರ ಜನವರಿ ೩೦ರಂದು ಇಟಲಿಯ ಬೆರೆಟ್ಟಾ ಎಂಬ ಅರೆ-ಸ್ವಯಂಚಾಲಿತ ಪಿಸ್ತೂಲಿನಿಂದ ಹೊರಟ ಮೂರು ಗುಂಡುಗಳಲ್ಲಿ ಒಂದನ್ನು, ಮಹಾತ್ಮರು ಅಂದು ಉಟ್ಟಿದ್ದ ರಕ್ತಸಿಕ್ತ ವಸ್ತ್ರದೊಡನೆ ಅಲ್ಲಿ ಇಟ್ಟಿದ್ದಾರೆ. ಅದನ್ನು ಕಂಡು ಯಾರೂ ಅದರ ಕೈಕೆಲಸವನ್ನು ಹೊಗಳುವುದಿಲ್ಲ, ತಲೆ ತಗ್ಗಿಸುತ್ತಾರೆ. ಸಾವಿನ ಸಾಧನವನ್ನು ಸತ್ತವನ ನೆನಪಿನೊಡನೆ ಇಟ್ಟರೆ ಅದು ವೈರಾಗ್ಯಕ್ಕೆ ಕಾರಣವಾದೀತು. ಸತ್ತವನನ್ನು ಮರೆತು ಸಾಧನವೊಂದನ್ನೇ ಮಖಮಲ್ಲಿನ ಮೇಲಿಟ್ಟರೆ ಅದು ಮೂರ್ಛೆಗೆ ಕಾರಣ.

ಮೂರ್ಛೆಯೇ ಪರಿಗ್ರಹವೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಉಪದೇಶಿಸಿದ್ದಾರೆ. ಸಂಗ್ರಹವೆಂಬುದರ ಸ್ವಭಾವವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಲೂಗರ್ ಇದ್ದವನಿಗೆ ಇನ್ನೊಂದು ವರ್ಷದ ಮುದ್ರೆಯುಳ್ಳ ಲೂಗರ್ ಬೇಕು. ಅದು ದೊರೆತರೆ ಅದರ ತೊಗಲಿನ ಒರೆ ಬೇಕು. ತೊಗಲನ್ನು ಮನೆಯೊಳಗೆ ತರಲು ಹೇಸುವ ಶ್ರಾವಕನು ಇದನ್ನೂ ಗಮನಿಸಬೇಕು. ಒರೆ ದೊರೆತರೆ ಎಲ್ಲ ಭಾಗಗಳ ಮೇಲೂ ಒಂದೇ ಸಂಖ್ಯೆಯಿರುವುದು ಬೇಕು. ಪರಿಗ್ರಹಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಸಮಂತಭದ್ರಾಚಾರ್ಯರು ಅತಿಸಂಗ್ರಹವನ್ನೂ ವಿಸ್ಮಯವನ್ನೂ ಹೆಸರಿಸಿದ್ದಾರೆ. ಹೆರವರ ಐಶ್ವರ್ಯವನ್ನು ಕಂಡು ಬೆರಗಾಗುವುದು ವಿಸ್ಮಯ. ಸಂಗ್ರಾಹಕನ ಸುಖವೂ ಸಂಕಟವೂ ಈ ಎರಡು ಮಾತುಗಳಲ್ಲಿ ಅಡಗಿವೆ. ಭಾರತದಲ್ಲಿ ೧೯೫೯ರ ಶಸ್ತ್ರ ಕಾಯಿದೆಗೆ ೨೦೧೯ರಲ್ಲಿ ತಂದ ತಿದ್ದುಪಡಿಯು, ಸಾಮಾನ್ಯವಾಗಿ ಒಬ್ಬನು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಅದು ಹೊರಗಿನಿಂದ ಬಂದ ಪರಿಮಾಣ. ವ್ರತಿಯು ತನಗೆ ತಾನೇ ಪರಿಮಾಣವನ್ನು ಹಾಕಿಕೊಳ್ಳುತ್ತಾನೆ. ಆಯುಧದ ವಿಷಯದಲ್ಲಿ ಆ ಪರಿಮಾಣ ಸೊನ್ನೆಯಾಗಿದ್ದರೆ ಅವನಿಗೆ ನಷ್ಟವೇನು?

ಶಂಕೆ: ತಾನಾಗಿ ಬಯಸದೆ, ಪಿತ್ರಾರ್ಜಿತವಾಗಿಯೋ ಸ್ನೇಹದಿಂದಲೋ ಬಂದ ಆಯುಧವನ್ನು ಏನು ಮಾಡಬೇಕು? ಮಾರಿದರೆ ಹಿಂಸಾದಾನ, ಇಟ್ಟುಕೊಂಡರೆ ಪರಿಗ್ರಹ, ನಿರಾಕರಿಸಿದರೆ ಸ್ನೇಹಿತನ ಮನಸ್ಸಿಗೆ ನೋವು. ನೋಯಿಸುವುದೂ ಹಿಂಸೆಯಲ್ಲವೆ?

ಸಮಾಧಾನ: ಲೆಸ್ಟರಿನ ಶ್ರಾವಕನ ಕಷ್ಟ ನಿಜವಾಗಿ ಇರುವುದು ಇಲ್ಲಿಯೇ. ಆದರೆ ಮೂರೂ ಬಾಗಿಲುಗಳು ಮುಚ್ಚಿದಂತೆ ತೋರಿದಾಗ ನಾಲ್ಕನೆಯದೊಂದು ಇದ್ದೇ ಇರುತ್ತದೆ. ಕಾನೂನಿನ ಕ್ರಮದಂತೆ ಅವುಗಳನ್ನು ಸಂಗ್ರಹಾಲಯಕ್ಕೆ ಒಪ್ಪಿಸಲು ಅವಕಾಶವಿದೆ. ಇಂಗ್ಲೆಂಡಿನಲ್ಲಿ ಲಂಡನ್ ಮತ್ತು ಬರ್ಮಿಂಗ್‌ಹ್ಯಾಂ ನಗರಗಳ ಪ್ರೂಫ್ ಹೌಸ್‌ಗಳಲ್ಲಿ, ಆಯುಧವು ಮತ್ತೆಂದೂ ಗುಂಡು ಹಾರಿಸದಂತೆ ಮಾಡಿದುದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಟೂ ಇದೆ. ಶ್ರಾವಕನು ವೃದ್ಧರ ಮುಂದೆ ಕುಳಿತು, ತನ್ನ ವ್ರತವನ್ನು ಮರೆಮಾಚದೆ, ಅವರ ಹವ್ಯಾಸವನ್ನು ಹಳಿಯದೆ, ಹೀಗೆ ಹೇಳಬಹುದು: "ಇವನ್ನು ನಾನು ಇಟ್ಟುಕೊಳ್ಳಲಾರೆ, ಹಾರಿಸಲಾರೆ. ಆದರೆ ನೀವು ಇವುಗಳ ವಿಷಯವಾಗಿ ತಿಳಿದದ್ದನ್ನೆಲ್ಲ ಹೇಳಿ, ನಾನು ಬರೆದುಕೊಳ್ಳುತ್ತೇನೆ. ನಿಮ್ಮ ಬರಹದೊಡನೆ ಇವು ಯೋಗ್ಯವಾದ ಸ್ಥಳವನ್ನು ಸೇರುವಂತೆ ನೋಡಿಕೊಳ್ಳುತ್ತೇನೆ." ವೃದ್ಧರಿಗೆ ಬೇಕಾಗಿದ್ದುದು ಪಿಸ್ತೂಲಿಗೆ ಒಬ್ಬ ಒಡೆಯನಷ್ಟೇ ಅಲ್ಲ, ತಮ್ಮ ಜೀವಮಾನದ ಶ್ರದ್ಧೆಗೆ ಒಬ್ಬ ಸಾಕ್ಷಿಯೂ ಬೇಕಾಗಿದ್ದನು. ಸಾಕ್ಷಿಯಾಗಲು ವ್ರತದ ಅಡ್ಡಿಯಿಲ್ಲ. ತಿಂಗಳಿಗೊಮ್ಮೆ ಅವರ ಜೊತೆ ಕುಳಿತು ಅವರ ಮಾತನ್ನು ಕೇಳುವುದು ಅವರೊಡನೆ ಗುಂಡು ಹಾರಿಸುವುದಕ್ಕಿಂತ ದೊಡ್ಡ ಸ್ನೇಹ. ಯುದ್ಧದ ಕಥೆ ಬಂದಾಗ ಕೊಂದವನ ಕೌಶಲದ ಕಡೆಗೆ ಹೋಗುವ ಮನಸ್ಸನ್ನು ಸತ್ತವನ ಕಡೆಗೆ ತಿರುಗಿಸಿಕೊಂಡರೆ ದುಃಶ್ರುತಿಯ ದೋಷವೂ ತಗಲದು.

ಆಯುಧದ ಯಂತ್ರವನ್ನು ಕುರಿತು ಮೊದಲು ಹೇಳಿದ ಮಾತನ್ನು ಇಲ್ಲಿ ನೆನೆಯಬಹುದು. ಹಾರಿದ ಗುಂಡಿನ ಹಿಂದೊದೆತವೇ ಮುಂದಿನ ಗುಂಡನ್ನು ನಳಿಗೆಗೆ ತಂದಿಡುತ್ತದೆ. ಕಷಾಯದ ರೀತಿಯೂ ಇದೇ. ಉದಯಕ್ಕೆ ಬಂದ ಕ್ರೋಧವನ್ನು ಆತ್ಮನು ತನ್ನದೆಂದು ಅಪ್ಪಿಕೊಂಡರೆ, ಆ ಅಪ್ಪುಗೆಯೇ ಮುಂದಿನ ಬಂಧಕ್ಕೆ ಕಾರಣವಾಗುತ್ತದೆ. ಲೋಭದ ತೃಪ್ತಿಯೇ ಮುಂದಿನ ಲೋಭವನ್ನು ತುಂಬಿಡುತ್ತದೆ. ಪಿಸ್ತೂಲು ಪೂರ್ಣ ಸ್ವಯಂಚಾಲಿತವಲ್ಲದಂತೆ ಕಷಾಯವೂ ಪೂರ್ಣ ಸ್ವಯಂಚಾಲಿತವಲ್ಲ. ಪ್ರತಿ ಸಲವೂ ಬೆರಳು ಒತ್ತಲೇಬೇಕು. ಒತ್ತದಿರುವ ಸ್ವಾತಂತ್ರ್ಯ ಜೀವಕ್ಕೆ ಉಳಿದೇ ಇರುತ್ತದೆ. ವ್ರತವೆಂದರೆ ಆ ಸ್ವಾತಂತ್ರ್ಯದ ಬಳಕೆ.

ಪ್ರೋಷಧೋಪವಾಸದ ದಿನ ಇದಕ್ಕೆ ಒಳ್ಳೆಯ ಪರೀಕ್ಷೆ. ಅಷ್ಟಮಿ ಚತುರ್ದಶಿಗಳಂದು ಆಹಾರದೊಡನೆ ಆರಂಭಗಳನ್ನೂ ಬಿಡಬೇಕೆಂಬುದು ವಿಧಿ. ಆ ದಿನ ಗೃಹಸ್ಥನು ತನ್ನ ಅತ್ಯಂತ ಪ್ರಿಯವಾದ ಸಂಗ್ರಹದ ಪೆಟ್ಟಿಗೆಗೆ, ಅದರಲ್ಲಿ ಪಿಸ್ತೂಲಿರಲಿ, ಗಡಿಯಾರವಿರಲಿ, ಬಂಗಾರವಿರಲಿ, ಬೀಗ ಹಾಕಿ ಬೀಗದ ಕೈಯನ್ನು ಮನೆಯ ಬೇರೆಯವರಿಗೆ ಕೊಟ್ಟು ನೋಡಲಿ. ಹಸಿವು ಮಧ್ಯಾಹ್ನದ ಹೊತ್ತಿಗೆ ಹೊಟ್ಟೆಯಲ್ಲಿ ಎದ್ದು ಸಂಜೆಗೆ ಅಡಗುತ್ತದೆ. ಮನಸ್ಸು ಆ ಪೆಟ್ಟಿಗೆಯ ಕಡೆಗೆ ಎಷ್ಟು ಸಲ ಹೋಯಿತು, ಹೋಗಿ ಏನನ್ನು ಮುಟ್ಟಿತು, ಮುಟ್ಟಿ ಏನನ್ನು ಬಯಸಿತು ಎಂಬುದನ್ನು ಅವನು ಸಾಮಾಯಿಕದಲ್ಲಿ ಕುಳಿತು ಎಣಿಸಲಿ. ಆ ವಸ್ತುವಿನಿಂದ ತನಗೆ ಪ್ರಯೋಜನವುಂಟೋ ಇಲ್ಲವೋ ಎಂಬುದಕ್ಕೆ ಬೇರೆ ಯಾರ ತೀರ್ಪೂ ಅವನಿಗೆ ಬೇಕಾಗದು. ಮರುದಿನ ಪಾರಣೆಗೆ ಮೊದಲು ಆ ಬೀಗದ ಕೈಯನ್ನು ಹಿಂದಕ್ಕೆ ಕೇಳಬೇಕೋ ಬೇಡವೋ ಎಂಬುದನ್ನು ಅವನೇ ನಿರ್ಣಯಿಸಿಕೊಳ್ಳಲಿ.